ಎದುರು ಮನೆಯ ಕಿಟಕಿ

ನಾವು ಎಂಟನೆಯ ತರಗತಿಯಲ್ಲಿದ್ದಾಗ ಓದಿದ ಒಂದು ಪತ್ತೇದಾರಿ ಕಥೆಗೆ ಕೊನೆಯ ನಾಲ್ಕು ಪುಟಗಳಿರಲಿಲ್ಲ. ತುಮಕೂರಿನ ನಮ್ಮ ಓಣಿಯ ತುದಿಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಪೆಟ್ಟಿಗೆ ಅಂಗಡಿಯೊಂದಿತ್ತು. ದಿನಕ್ಕೆ 50 ಪೈಸೆ. ಅಲ್ಲಿಂದ ತಂದ ಷರ್ಲಾಕ್ ಹೋಮ್ಸ್ ಕಥೆಗಳ ಕನ್ನಡ ಅನುವಾದಕ್ಕೆ ಮುಂದಿನ ರಟ್ಟೂ ಇರಲಿಲ್ಲ, ಹಿಂದಿನ ರಟ್ಟೂ ಇರಲಿಲ್ಲ. ಅನುವಾದಕರ ಹೆಸರು ಮೊದಲ ಪುಟದೊಂದಿಗೇ ಹೋಗಿತ್ತು. ಕೊನೆಯ ಕಥೆಯ ಅಂತ್ಯ ಯಾರದೋ ಬಜ್ಜಿಯ ಎಣ್ಣೆ ಹೀರಿಕೊಂಡು ಎಲ್ಲಿಗೋ ಹೋಗಿತ್ತು.

ಆ ಕಥೆ ಹಳದಿ ಮುಖದ್ದು. ಲಂಡನ್ನಿನ ಹೊರವಲಯದ ನಾರ್ಬರಿ ಎಂಬಲ್ಲಿ ಗ್ರಾಂಟ್ ಮನ್ರೋ ಎಂಬ ವ್ಯಾಪಾರಿ ಹೆಂಡತಿಯೊಂದಿಗೆ ಸುಖವಾಗಿದ್ದಾನೆ. ಆಕೆ ಅಮೆರಿಕದಿಂದ ಬಂದ ವಿಧವೆ. ಮೊದಲ ಗಂಡ ಮತ್ತು ಮಗು ಹಳದಿ ಜ್ವರದಲ್ಲಿ ಸತ್ತರೆಂದು ಹೇಳಿದ್ದಾಳೆ. ಒಂದು ದಿನ ಇದ್ದಕ್ಕಿದ್ದಂತೆ 100 ಪೌಂಡ್ ಕೇಳುತ್ತಾಳೆ, ಯಾತಕ್ಕೆಂದು ಹೇಳುವುದಿಲ್ಲ. ಮನೆಯೆದುರಿನ ಹೊಲದಾಚೆ ಖಾಲಿಯಿದ್ದ ಸಣ್ಣ ಮನೆಗೆ ಯಾರೋ ಬಾಡಿಗೆಗೆ ಬರುತ್ತಾರೆ. ಅದರ ಮಹಡಿಯ ಕಿಟಕಿಯಲ್ಲಿ ಜೀವವಿಲ್ಲದಂಥ ಒಂದು ಹಳದಿ ಮುಖ ಕಾಣಿಸಿ ಮರೆಯಾಗುತ್ತದೆ. ನಡುರಾತ್ರಿ ಕಳೆದು ಮೂರು ಗಂಟೆಗೆ ಹೆಂಡತಿ ಎದ್ದು ಆ ಮನೆಗೆ ಹೋಗಿಬರುತ್ತಾಳೆ. ಗಂಡ ಓಡಿ ಹೋಮ್ಸ್ ಬಳಿಗೆ ಬರುತ್ತಾನೆ. ಹೋಮ್ಸ್ ಎಲ್ಲವನ್ನೂ ಕೇಳಿ, ಮೊದಲ ಗಂಡ ಸತ್ತಿಲ್ಲ, ರೋಗಿಷ್ಟನಾಗಿ ಆ ಮನೆಯಲ್ಲಿ ಬಂದು ಕುಳಿತು ಹೆಂಗಸನ್ನು ಹೆದರಿಸಿ ಹಣ ಕೀಳುತ್ತಿದ್ದಾನೆ ಎಂದು ಡಾಕ್ಟರ್ ವಾಟ್ಸನ್‌ಗೆ ಬಿಡಿಸಿ ಹೇಳುತ್ತಾನೆ. ಮೂವರೂ ಕತ್ತಲಲ್ಲಿ ಆ ಮನೆಯ ಕಡೆ ನಡೆಯುತ್ತಾರೆ.

ಅಲ್ಲಿಗೆ ನಮ್ಮ ಪುಸ್ತಕ ಮುಗಿದಿತ್ತು. ನಮಗೇನೂ ಕೊರತೆ ಅನ್ನಿಸಲಿಲ್ಲ. ಹೋಮ್ಸ್ ಹೇಳಿದ ಮೇಲೆ ಮುಗಿಯಿತಲ್ಲ? ಉಳಿದ ನಾಲ್ಕು ಪುಟಗಳಲ್ಲಿ ಆ ಗಂಡ ಸಿಕ್ಕಿಬೀಳುತ್ತಾನೆ, ಅಷ್ಟೇ ತಾನೇ! ಹೀಗೆಂದುಕೊಂಡೇ ನಾವು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದೆವು.

(ಓದುಗರು ಒಂದು ವಿಷಯ ಮನ್ನಿಸಬೇಕು. ನಾವು, ನಾವು ಎಂದು ಬರೆಯುತ್ತಿರುವುದು ದೊಡ್ಡಸ್ತಿಕೆಗಲ್ಲ. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಕಲಿತವರಿಗೆ ‘ಹಮ್’ ಎನ್ನುವ ರೂಢಿ ಸುಲಭಕ್ಕೆ ಬಿಡುವುದಿಲ್ಲ. ನಮ್ಮ ಕಥೆಗಳನ್ನು ತಿದ್ದುವ ಸಂಪಾದಕರು ಎಷ್ಟೋ ಕಡೆ ಇದನ್ನು ‘ನಾನು’ ಮಾಡಿದ್ದಾರೆ. ಇಲ್ಲಿ ಹಾಗೇ ಇರಲಿ.)

ನಮ್ಮ ಮನೆಯಲ್ಲಿ ಪತ್ತೇದಾರಿಗೆ ಬಡತನವಿರಲಿಲ್ಲ. ಚಾಚಾ ಅವರ ತಗಡಿನ ಟ್ರಂಕಿನಲ್ಲಿ ಇಬ್ನೆ ಸಫಿಯವರ ‘ಜಾಸೂಸಿ ದುನಿಯಾ’ದ ಹಳೆಯ ಸಂಚಿಕೆಗಳು ಒಂದರ ಮೇಲೊಂದು ಪೇರಿಸಿಟ್ಟಿದ್ದವು. ಆ ಮಾಲೆ 1952ರಲ್ಲಿ ಅಲಹಾಬಾದಿನಿಂದ ಶುರುವಾಯಿತು. ಅದೇ ವರ್ಷ ಲೇಖಕರು ಕರಾಚಿಗೆ ಹೋದರು. ಆದರೂ 1980ರಲ್ಲಿ ತೀರಿಕೊಳ್ಳುವವರೆಗೆ ಅವರ ಕಾದಂಬರಿಗಳು ಎರಡೂ ಕಡೆ ಅಚ್ಚಾಗುತ್ತಿದ್ದವು. ಗಡಿಯ ಈಚೆಯೂ ಆಚೆಯೂ ಒಂದೇ ತಿಂಗಳ ತಲೆನೋವಿಗೆ ಒಂದೇ ಮದ್ದು ಎಂದು ಚಾಚಾ ನಗುತ್ತಿದ್ದರು. ಕರ್ನಲ್ ಫರೀದಿಯ ಗಾಂಭೀರ್ಯಕ್ಕಿಂತ, ಹೋತವನ್ನು ಸಾಕಿಕೊಂಡು ತಿರುಗುವ ಕ್ಯಾಪ್ಟನ್ ಹಮೀದನೇ ನಮಗೆ ಪ್ರಿಯ. ಹೈಸ್ಕೂಲಿಗೆ ಕನ್ನಡ ಮಾಧ್ಯಮಕ್ಕೆ ಬಂದಾಗ ಪಠ್ಯಪುಸ್ತಕ ಕಬ್ಬಿಣದ ಕಡಲೆಯಾಯಿತು. ನಮಗೆ ಕನ್ನಡ ಓದುವ ಓಟ ಕಲಿಸಿದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ಆ ಮನುಷ್ಯ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಕನ್ನಡದ ಎಷ್ಟು ಜನ ಅವರಿಂದ ಅಕ್ಷರ ಕೂಡಿಸಿ ಓದುವುದನ್ನು ಕಲಿತರೋ, ಸಾಹಿತ್ಯ ಚರಿತ್ರೆಗಳು ಅದರ ಲೆಕ್ಕ ಇಟ್ಟಂತಿಲ್ಲ.

ಆದರೆ ಫರೀದಿಯ ಪಾತಕಿಗಳೂ ಪುರುಷೋತ್ತಮನ ಪಾತಕಿಗಳೂ ನಮ್ಮ ನೆರೆಹೊರೆಯವರಲ್ಲ. ಅವರಿಗೆ ಸುರಂಗ, ಕಾರು, ಪಿಸ್ತೂಲು, ವೇಷ ಬೇಕು. ನಾರ್ಬರಿಯ ಕಥೆ ಮಾತ್ರ ಬೇರೆ ಥರ ಕಾಡಿತು. ಅಲ್ಲಿ ಇದ್ದದ್ದು ಎದುರು ಮನೆಯ ಒಂದು ಕಿಟಕಿ.

ಆಮೇಲೆ ಇಂಗ್ಲಿಷಿನಲ್ಲಿ ಓದಲು ಬಂದಾಗ ಗಮನಿಸಿದೆವು. ಆರ್ಥರ್ ಕಾನನ್ ಡಾಯ್ಲ್ ಅವರ ಹೋಮ್ಸ್ ಬೇಕರ್ ಬೀದಿಯಲ್ಲಿ ಇದ್ದರೂ ಅವನ ಎಷ್ಟೋ ಪ್ರಕರಣಗಳು ಲಂಡನ್ನಿನ ಉಪನಗರಗಳಲ್ಲಿ ನಡೆಯುತ್ತವೆ. ನಾರ್‌ವುಡ್, ಸ್ಟ್ರೆಥಮ್, ಕ್ರಾಯ್ಡನ್, ಬ್ರಿಕ್ಸ್‌ಟನ್, ಲೂಯಿಷಮ್. ಇದು ಆಕಸ್ಮಿಕವಲ್ಲ. ವೈದ್ಯವೃತ್ತಿ ಬಿಟ್ಟು ಬರವಣಿಗೆಯನ್ನೇ ನಂಬಿದ ಡಾಯ್ಲ್ 1891ರಲ್ಲಿ ಸಂಸಾರ ಸಮೇತ ಸೌತ್ ನಾರ್‌ವುಡ್‌ನ ಟೆನ್ನಿಸನ್ ರಸ್ತೆಯ 12ನೆಯ ನಂಬರಿನ ಮನೆಗೆ ಬಂದರು. 1894ರವರೆಗೆ ಅಲ್ಲಿದ್ದರು. ಹಳದಿ ಮುಖದ ಕಥೆ 1893ರ ಫೆಬ್ರವರಿಯ ‘ಸ್ಟ್ರಾಂಡ್’ ಮಾಸಪತ್ರಿಕೆಯಲ್ಲಿ ಬಂತು. ಅಂದರೆ ಅವರು ಬರೆದದ್ದು ತಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಜಾಗದ ಬಗ್ಗೆ.

ರೈಲು ಬಂದ ಮೇಲೆ ಹುಟ್ಟಿದ ಊರುಗಳವು. ಗುಮಾಸ್ತ, ವ್ಯಾಪಾರಿ, ಬ್ಯಾಂಕಿನವರು ಬೆಳಿಗ್ಗೆ ರೈಲು ಹತ್ತಿ ಲಂಡನ್ನಿಗೆ ಹೋಗಿ ಸಂಜೆ ಮರಳುತ್ತಿದ್ದರು. ನಿಲ್ದಾಣದ ಅಂಗಡಿಯಲ್ಲಿ ಕೊಂಡ ಪತ್ರಿಕೆಯಲ್ಲಿ ತಮ್ಮಂಥದೇ ಮನೆಯ ರಹಸ್ಯವನ್ನು ಓದುತ್ತಾ ತಮ್ಮ ಮನೆಗೆ ಹೋಗುತ್ತಿದ್ದರು. ನಾರ್ಬರಿ ಆಗಿನ್ನೂ ಅರ್ಧ ಹಳ್ಳಿ. ಮನ್ರೋ ಹೇಳುವ ಪ್ರಕಾರ ಅವನ ಮನೆಯ ಸುತ್ತ ಒಂದು ಹೋಟೆಲು, ಎರಡು ಮನೆ, ಹೊಲದಾಚೆಯ ಆ ಒಂದು ಸಣ್ಣ ಮನೆ. ಅಷ್ಟು ಬಿಟ್ಟರೆ ನಿಲ್ದಾಣದ ಅರ್ಧ ದಾರಿಯವರೆಗೆ ಬೇರೆ ಮನೆಯೇ ಇಲ್ಲ. ನಮ್ಮ ಊರುಗಳ ಅಂಚಿನಲ್ಲಿ ಸೈಟು ಕಲ್ಲು ನೆಟ್ಟು, ಮಧ್ಯೆ ಮಧ್ಯೆ ನಾಲ್ಕು ಮನೆ ಎದ್ದಿರುವ ಬಡಾವಣೆಗಳನ್ನು ಕಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ.

1892ರ ಇನ್ನೊಂದು ಕಥೆಯಲ್ಲಿ ಹೋಮ್ಸ್, ಲಂಡನ್ನಿನ ಕೊಳಕು ಗಲ್ಲಿಗಿಂತ ಹಳ್ಳಿಯ ಒಂಟಿ ಮನೆಗಳೇ ತನಗೆ ಭಯ ಹುಟ್ಟಿಸುತ್ತವೆ ಎನ್ನುತ್ತಾನೆ. ಗಲ್ಲಿಯಲ್ಲಿ ಮಗು ಕಿರುಚಿದರೆ ಹತ್ತು ಜನ ಬರುತ್ತಾರೆ, ಹೊಲದ ನಡುವಿನ ಮನೆಯಲ್ಲಿ ಏನಾದರೂ ಯಾರಿಗೂ ತಿಳಿಯದು ಎಂಬುದು ಅವನ ವಾದ. ಉಪನಗರ ಇವೆರಡರ ನಡುವಿನದು. ಅಲ್ಲಿ ಕಿರುಚಿದ್ದು ಕೇಳಿಸುತ್ತದೆ, ಆದರೆ ಯಾರೂ ಬರುವುದಿಲ್ಲ. ಪರದೆ ಸರಿಸಿ ನೋಡುತ್ತಾರೆ. ಯಾರು, ಎಲ್ಲಿಯವರು, ಏನು ಕೆಲಸ, ಯಾವುದೂ ಗೊತ್ತಿಲ್ಲ. ಗೊತ್ತಿರುವುದು ಎಷ್ಟು ಹೊತ್ತಿಗೆ ದೀಪ ಆರಿತು ಎಂಬುದಷ್ಟೇ. ಅರ್ಧ ತಿಳಿದ ಜಾಗದಲ್ಲಿ ಉಳಿದರ್ಧವನ್ನು ಮನಸ್ಸು ತುಂಬಿಕೊಳ್ಳುತ್ತದೆ. ಪತ್ತೇದಾರಿ ಕಥೆಗೆ ಇದಕ್ಕಿಂತ ಒಳ್ಳೆಯ ಗೊಬ್ಬರ ಸಿಗಲಿಕ್ಕಿಲ್ಲ. 1891ರ ಒಂದು ಕಥೆಯ ನೆವಿಲ್ ಸೇಂಟ್ ಕ್ಲೇರ್ ಎಂಬಾತ ಕೆಂಟ್‌ನ ಲೀ ಎಂಬಲ್ಲಿ ಬಂಗಲೆ, ಹೆಂಡತಿ, ಮಕ್ಕಳೊಂದಿಗೆ ಮರ್ಯಾದಸ್ಥನಾಗಿ ಬಾಳುತ್ತಾನೆ. ದಿನಾ ಬೆಳಿಗ್ಗೆ ಲಂಡನ್ನಿಗೆ ಹೋಗಿ ಮುಖಕ್ಕೆ ಬಣ್ಣ ಬಳಿದುಕೊಂಡು ಭಿಕ್ಷೆ ಬೇಡುತ್ತಾನೆ, ಸಂಜೆ 5.14ರ ರೈಲಿಗೆ ಮನೆಗೆ ಬರುತ್ತಾನೆ. ಹೆಂಡತಿಗೂ ಗೊತ್ತಿಲ್ಲ! ಲೂಯಿಷಮ್ಮಿನ ಮುದುಕನೊಬ್ಬ ಹೆಂಡತಿ ಕಾಣೆಯಾದ ದುಃಖದ ನಡುವೆ ಮನೆಗೆ ಬಣ್ಣ ಹೊಡೆಯುತ್ತಾನೆ. ಕೊಂದ ಅನಿಲದ ವಾಸನೆ ಮುಚ್ಚಬೇಕಲ್ಲ.

1890ರ ‘ದಿ ಸೈನ್ ಆಫ್ ಫೋರ್’ ಕಾದಂಬರಿಯಲ್ಲಂತೂ ಅಪ್ಪರ್ ನಾರ್‌ವುಡ್‌ನ ಮನೆಯ ಹೆಸರೇ ಪಾಂಡಿಚೇರಿ ಲಾಡ್ಜ್. ಅಲ್ಲಿ ಬಚ್ಚಿಟ್ಟ ನಿಧಿ 1857ರ ಗಲಭೆಯಲ್ಲಿ ಆಗ್ರಾ ಕೋಟೆಯಲ್ಲಿ ಕೊಲೆ ಮಾಡಿ ದೋಚಿದ್ದು. ಆ ಕೊಲೆಯಲ್ಲಿ ಪಾಲುಗೊಂಡ ಇಬ್ಬರು ಸಿಖ್ ಸಿಪಾಯಿಗಳ ಹೆಸರು ಮಹೋಮೆಟ್ ಸಿಂಗ್ ಮತ್ತು ಅಬ್ದುಲ್ಲಾ ಖಾನ್! ನಮ್ಮ ಚಾಚಾ ಇದನ್ನು ಕೇಳಿ ಉಸಿರು ಕಟ್ಟುವಂತೆ ನಕ್ಕಿದ್ದರು. ಪೈಪಿನ ಹಲ್ಲಿನ ಗುರುತು ನೋಡಿ ಮನುಷ್ಯನ ಜಾತಕ ಬರೆಯುವ ಹೋಮ್ಸ್‌ಗೂ ಅವನ ಒಡೆಯನಿಗೂ ಸಿಖ್ಖರ ಹೆಸರು ಯಾವುದು, ಮುಸಲ್ಮಾನರದು ಯಾವುದು ಎಂಬ ಗುರುತು ಸಿಗಲಿಲ್ಲ. ದೂರದವರ ಬಗ್ಗೆ ಪತ್ತೇದಾರಿ ಅಷ್ಟರ ಮಟ್ಟಿಗೆ.

ಅಗಾಥಾ ಕ್ರಿಸ್ಟಿಯವರ ಮಿಸ್ ಮಾರ್ಪಲ್ 1930ರ ಕಾದಂಬರಿಯಲ್ಲಿ ಹಕ್ಕಿ ನೋಡುವ ನೆಪದಲ್ಲಿ ದುರ್ಬೀನು ಹಿಡಿದು ಊರವರ ಮೇಲೆ ಕಣ್ಣಿಟ್ಟಿರುವ ಮುದುಕಿ. ಆಕೆಯ ಹಳ್ಳಿಯ ಪಕ್ಕದಲ್ಲೇ ಹೊಸ ಬಡಾವಣೆ ಎದ್ದದ್ದನ್ನು ಕ್ರಿಸ್ಟಿ 1962ರ ಒಂದು ಕಾದಂಬರಿಯಲ್ಲಿ ತಂದಿದ್ದಾರೆ. ಕಾವಲಿಗಿಟ್ಟ ಹೆಂಗಸನ್ನು ಸಾಮಾನಿಗೆ ಕಳಿಸಿ, ಅಜ್ಜಿ ಒಬ್ಬಳೇ ಕದ್ದು ಆ ಬಡಾವಣೆಯನ್ನು ನೋಡಲು ಹೋಗುತ್ತಾಳೆ. ಕಲ್ಲು ಎಡವಿ ಬೀಳುತ್ತಾಳೆ. ಗುರುತಿಲ್ಲದ ಹೆಂಗಸೊಬ್ಬಳು ಓಡಿ ಬಂದು ಎತ್ತಿ, ಒಳಗೆ ಕರೆದು ಚಹಾ ಕೊಡುತ್ತಾಳೆ. ಹೊಸ ಮನೆಗಳಲ್ಲಿರುವುದೂ ತನ್ನ ಹಳ್ಳಿಯಲ್ಲಿದ್ದಂಥ ಜನರೇ ಎಂದು ಅಜ್ಜಿಗೆ ಸಮಾಧಾನವಾಗುತ್ತದೆ. ಆ ಕಾದಂಬರಿಯ ಕೊಲೆಗಿಂತ ನಮಗೆ ನೆನಪಿರುವುದು ಆ ಚಹಾ.

ನಾವು ಬಡಾವಣೆಗೆ ಹೋದದ್ದು 2012ರಲ್ಲಿ. ಅಬ್ಬಾ ತೀರಿಕೊಂಡ ಮೇಲೆ ಓಣಿಯ ಮನೆ ಅಣ್ಣತಮ್ಮಂದಿರ ಪಾಲಿಗೆ ಹೋಯಿತು. ನಾವು, ನಮ್ಮವರು, ಎರಡು ಮಕ್ಕಳು ಮತ್ತು ಅಮ್ಮಿ ಊರಾಚೆ ಬಾಡಿಗೆ ಮನೆ ಹುಡುಕಲು ಹೊರಟೆವು. ಫೋನಿನಲ್ಲಿ ಖಾಲಿಯಿದ್ದ ಮೂರು ಮನೆಗಳು ನಮ್ಮ ಹೆಸರು ಕೇಳಿದ ಮೇಲೆ ‘ಈಗ ತಾನೇ ಹೋಯ್ತು’ ಎಂದವು. ನಾಲ್ಕನೆಯದರ ಮಾಲೀಕರು ಒಳ್ಳೆಯವರು, ಕೊಟ್ಟರು. ಆದರೂ ಎಷ್ಟು ಜನ ಇರುತ್ತೀರಿ, ನೆಂಟರು ಎಲ್ಲೆಲ್ಲಿಂದ ಬರುತ್ತಾರೆ, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀರಿ ಎಂದೆಲ್ಲ ಕೇಳಿದರು. ಬೇಕರ್ ಬೀದಿಯಲ್ಲೂ ಇಷ್ಟು ಕೇಳುತ್ತಿರಲಿಲ್ಲ. ಮೊದಲ ತಿಂಗಳು ನಮ್ಮ ಮನೆಗೆ ಯಾರು ಬಂದರೂ ಹೋದರೂ ಎರಡು ಮೂರು ಕಿಟಕಿಗಳ ಪರದೆ ಅಲ್ಲಾಡುತ್ತಿತ್ತು. ಅಬ್ಬಾರ ಚಾಲೀಸ್ವಾಕ್ಕೆ ನೆಂಟರು ಸೇರಿದ ಮರುದಿನ, ಮೂಲೆಯ ಟೀ ಅಂಗಡಿಯಲ್ಲಿ ‘ಏನ್ ಸಾರ್, ನಿನ್ನೆ ಮೀಟಿಂಗಾ?’ ಎಂದು ಕೇಳಿದರು. ಕೇಳಿದವರು ಕೆಟ್ಟವರೇನಲ್ಲ.

ನಮ್ಮ ಎದುರು ಮನೆಗೆ ಆರು ತಿಂಗಳ ನಂತರ ಇನ್ನೊಂದು ಸಂಸಾರ ಬಂತು. ರಾತ್ರಿ ಹನ್ನೊಂದರ ಮೇಲೆ ಲಾರಿಯಿಂದ ಸಾಮಾನು ಇಳಿಯಿತು. ಗಂಡ ಹೆಂಡತಿ ಇಬ್ಬರೇ, ಐವತ್ತು ದಾಟಿದವರು. ಆತ ಬೆಳಿಗ್ಗೆ ಬೆಂಗಳೂರಿನ ರೈಲಿಗೆ ಹೋದರೆ ಬರುವುದು ರಾತ್ರಿಗೆ. ಆಕೆ ಹೊರಗೆ ಬರುತ್ತಿರಲಿಲ್ಲ. ಮಹಡಿಯ ಕೋಣೆಯ ಕಿಟಕಿಯ ಗಾಜಿಗೆ ಒಳಗಿನಿಂದ ನ್ಯೂಸ್‌ಪೇಪರ್ ಅಂಟಿಸಿದ್ದರು. ಇಬ್ಬರಿಗೆ ನಾಲ್ಕು ಪ್ಯಾಕೆಟ್ ಹಾಲು. ಕೆಲವು ರಾತ್ರಿ ಗೋಡೆಗೆ ಏನನ್ನೋ ಬಡಿದಂಥ ಸದ್ದು. ಹದಿನೈದು ದಿನಕ್ಕೊಮ್ಮೆ ನಡುರಾತ್ರಿ ಒಂದು ಆಟೋ ಬಂದು ಬಾಗಿಲಿಗೇ ನಿಲ್ಲುತ್ತಿತ್ತು.

ನಾವು ಕಥೆ ಬರೆಯುವವರು, ಮೇಲಾಗಿ ಹೋಮ್ಸ್‌ನ ಶಿಷ್ಯರು. ಹಾಲಿನ ಪ್ಯಾಕೆಟ್ ಎಣಿಸಿದೆವು. ಆಟೋ ಬಂದ ತಾರೀಖು ಡೈರಿಯಲ್ಲಿ ಬರೆದೆವು. ಮೊದಮೊದಲು ಅದು ಕಥೆಗಾಗಿ ಎಂದೇ ನಂಬಿದ್ದೆವು. ಒಂದು ಸಂಜೆ ಟೀ ಅಂಗಡಿಯಲ್ಲಿ ಅದೇ ಮಂದಿಯ ನಡುವೆ ನಮ್ಮ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದೆವು. ಮೂರನೆಯ ಮನುಷ್ಯ ಯಾರೋ ಇದ್ದಾನೆ, ಅವನನ್ನು ಬಚ್ಚಿಟ್ಟಿದ್ದಾರೆ ಎಂದೆವು. ಎಲ್ಲರೂ ಗ್ಲಾಸು ಹಿಡಿದು ಹತ್ತಿರ ಸರಿದು ಕೇಳಿದರು. ‘ಎಷ್ಟು ಚೆನ್ನಾಗಿ ಗಮನಿಸಿದೀರಿ ಸಾರ್’ ಎಂದು ಒಬ್ಬರು ನಮ್ಮ ಟೀಯ ದುಡ್ಡನ್ನೂ ಕೊಟ್ಟರು.

ಇದನ್ನು ಬರೆಯುವುದು ಕಷ್ಟ. ಆದರೂ ಬರೆಯಲೇಬೇಕು. ಅಂದು ನಮಗೆ ಹಿತವಾದದ್ದು ನಮ್ಮ ಜಾಣತನ ಒಂದೇ ಅಲ್ಲ. ಆರು ತಿಂಗಳಿಂದ ನಮ್ಮ ಮನೆಯ ಮೇಲಿದ್ದ ಕಣ್ಣುಗಳು ಎದುರು ಮನೆಯ ಕಡೆ ತಿರುಗಿದವು. ಅಂಗಡಿಯ ಬೆಂಚಿನಲ್ಲಿ ನಮಗೆ ಜಾಗ ಸಿಕ್ಕಿತು. ಹೊರಗಿನವರ ಬಗ್ಗೆ ಮಾತಾಡುವ ಒಳಗಿನವರಾಗಿದ್ದೆವು.

ವಾರದೊಳಗೆ ಪೊಲೀಸರಿಬ್ಬರು ಬಂದರು. ಯಾರು ದೂರು ಕೊಟ್ಟರೋ ನಾವು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಬಡಾವಣೆಯ ಅರ್ಧ ಜನ ಗೇಟುಗಳಲ್ಲಿ ನಿಂತಿದ್ದರು. ನಾವು ನಮ್ಮ ಪರದೆಯ ಹಿಂದೆ ನಿಂತಿದ್ದೆವು. ಮಹಡಿಯಿಂದ ದೊಡ್ಡ ದನಿಯ ಅಳು ಕೇಳಿಸಿತು. ದನಿ ಗಂಡಸಿನದು, ಅಳು ಮಗುವಿನದು. ಅವರ ಮಗ. ಇಪ್ಪತ್ತೈದರ ಹುಡುಗ, ಹುಟ್ಟಿನಿಂದ ಬುದ್ಧಿ ಬೆಳೆದಿಲ್ಲ, ಫಿಟ್ಸ್ ಬರುತ್ತದೆ. ಕಿರುಚಾಟಕ್ಕೆ ಹೆದರಿ ಇದಕ್ಕೆ ಮೊದಲು ಎರಡು ಕಡೆ ಮನೆ ಖಾಲಿ ಮಾಡಿಸಿದ್ದರಂತೆ. ಅದಕ್ಕೇ ಈ ಸಲ ಅವನಿರುವುದೇ ತಿಳಿಯದಂತೆ ಇರೋಣ ಎಂದು ರಾತ್ರಿ ಕರೆತಂದಿದ್ದರು. ಆಸ್ಪತ್ರೆಗೆ ರಾತ್ರಿಯೇ ಆಟೋದಲ್ಲಿ ಕರೆದೊಯ್ಯುತ್ತಿದ್ದರು, ಬೀದಿಯಲ್ಲಿ ಜನ ಇರುವುದಿಲ್ಲವೆಂದು. ಕಿಟಕಿಗೆ ಪೇಪರ್ ಅಂಟಿಸಿದ್ದು ಹಳೆಯ ಮನೆಯಲ್ಲಿ ಹುಡುಗರು ಕೆಳಗಿನಿಂದ ಕಲ್ಲು ತೋರಿಸಿ ಅವನನ್ನು ಕೆಣಕುತ್ತಿದ್ದರೆಂದು. ಪೊಲೀಸರು ಸಭ್ಯರು, ಕ್ಷಮೆ ಕೇಳಿ ಹೋದರು. ಬಡಾವಣೆಯವರು ಅಷ್ಟಕ್ಕೆ ಬಿಡಲಿಲ್ಲ. ಎರಡು ತಿಂಗಳಾಗುವುದರೊಳಗೆ ಮನೆಯ ಮಾಲೀಕರು ಅವರಿಗೆ ಬೇರೆ ಮನೆ ನೋಡಿಕೊಳ್ಳಲು ಹೇಳಿದರೆಂದು ಗೊತ್ತಾಯಿತು.

ನಾಲ್ಕು ಪುಟಗಳು ನಮಗೆ ಸಿಕ್ಕಿದ್ದು 2015ರಲ್ಲಿ. ಬೆಂಗಳೂರಿನ ಫುಟ್‌ಪಾತಿನಲ್ಲಿ ಇಂಗ್ಲಿಷಿನ ಹಳೆಯ ಪ್ರತಿಯೊಂದನ್ನು ಕೊಂಡು, ತುಮಕೂರಿನ ರೈಲಿನಲ್ಲಿ ಬಿಡಿಸಿದೆವು. ಹೋಮ್ಸ್, ವಾಟ್ಸನ್, ಮನ್ರೋ ಮೂವರೂ ತಡೆಯಲು ಬಂದ ಹೆಂಡತಿಯನ್ನು ತಳ್ಳಿಕೊಂಡು ಮಹಡಿ ಹತ್ತುತ್ತಾರೆ. ಕೋಣೆಯಲ್ಲಿ ಇರುವುದು ಕೆಂಪು ಫ್ರಾಕು ತೊಟ್ಟ ಒಂದು ಚಿಕ್ಕ ಹುಡುಗಿ. ಹೋಮ್ಸ್ ಅವಳ ಕಿವಿಯ ಹಿಂದೆ ಕೈಯಿಟ್ಟು ಎಳೆದಾಗ ಹಳದಿ ಮುಖವಾಡ ಕಳಚುತ್ತದೆ. ಒಳಗೆ ನಗುತ್ತಿರುವ ಕಪ್ಪು ಮುಖ. ಆಕೆಯ ಮೊದಲ ಗಂಡ ಅಟ್ಲಾಂಟಾದ ಕರಿಯ ವಕೀಲ, ಸತ್ತದ್ದು ನಿಜ. ಬದುಕಿದ್ದದ್ದು ಮಗಳು. ಈಗಿನ ಗಂಡ ತನ್ನನ್ನು ಬಿಟ್ಟಾನೆಂಬ ಭಯಕ್ಕೆ ಅವಳನ್ನು ಎದುರು ಮನೆಯಲ್ಲಿಟ್ಟು ರಾತ್ರಿ ಕದ್ದು ನೋಡಿ ಬರುತ್ತಿದ್ದಳು. ಮುಖವಾಡ ಹಾಕಿಸಿದ್ದು ಯಾತಕ್ಕೆ? ಕಿಟಕಿಯಲ್ಲಿ ಅಕಸ್ಮಾತ್ ಕಂಡರೂ, ಈ ಕಡೆ ಕರಿಯ ಮಗುವೊಂದಿದೆ ಎಂದು ನೆರೆಯವರು ಆಡಿಕೊಳ್ಳಬಾರದೆಂದು.

ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ನಾವು ತುಮಕೂರು ಬಂದದ್ದೂ ತಿಳಿಯದೆ ಕುಳಿತಿದ್ದೆವು.

ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದಲ್ಲಿ ಕರಿಯರು ಬಿಳಿಯರ ನಡುವಿನ ಮದುವೆ ಆಗ ಕಾನೂನಿಗೆ ವಿರುದ್ಧ. ಅಮೆರಿಕದ ಸುಪ್ರೀಂ ಕೋರ್ಟ್ ಅಂಥ ಕಾನೂನುಗಳನ್ನು ತೆಗೆದುಹಾಕಿದ್ದು 1967ರಲ್ಲಿ. 1893ರಲ್ಲಿ ಡಾಯ್ಲ್ ಆ ಮದುವೆಯನ್ನು ಗೌರವದಿಂದ ಬರೆದರು. ಇದೇ ಡಾಯ್ಲ್ 1926ರ ಇನ್ನೊಂದು ಕಥೆಯಲ್ಲಿ ಕರಿಯ ಮುಷ್ಟಿಕಾಳಗದವನೊಬ್ಬನನ್ನು ಹೋಮ್ಸ್ ಬಾಯಲ್ಲಿ ಹೀನಾಯವಾಗಿ ಹಂಗಿಸಿದ್ದಾರೆ, ಅದನ್ನೂ ಮರೆಯಬಾರದು. ಆದರೂ ಈ ಕಥೆಯಲ್ಲಿ ಮನ್ರೋ ಬಹಳ ಹೊತ್ತು ಸುಮ್ಮನೆ ನಿಂತು, ಆಮೇಲೆ ಮಗುವನ್ನು ಎತ್ತಿ ಮುತ್ತಿಟ್ಟು, ಒಂದು ಕೈ ಹೆಂಡತಿಯತ್ತ ಚಾಚುತ್ತಾನೆ. ಹೊರಗೆ ಬಂದಾಗ ಹೋಮ್ಸ್ ವಾಟ್ಸನ್ ತೋಳು ಹಿಡಿದು ಎಳೆಯುತ್ತಾನೆ. ಆ ರಾತ್ರಿ ಮಲಗುವ ಮುಂಚೆ, ಮುಂದೆಂದಾದರೂ ತಾನು ಅತಿ ಬುದ್ಧಿವಂತಿಕೆ ತೋರಿಸಿದರೆ ಕಿವಿಯಲ್ಲಿ ‘ನಾರ್ಬರಿ’ ಎಂದು ಹೇಳು ಎಂದು ಗೆಳೆಯನನ್ನು ಕೇಳಿಕೊಳ್ಳುತ್ತಾನೆ. ಹೋಮ್ಸ್ ಪೂರ್ತಿ ತಪ್ಪಿದ ಈ ಕಥೆ ಅವನ ಗೆದ್ದ ಹತ್ತು ಕಥೆಗಳಿಗಿಂತ ದೊಡ್ಡದು ಎಂದು ನಮ್ಮ ಅನಿಸಿಕೆ. ಹೋಮ್ಸ್ ತಪ್ಪಿದರೂ ಆ ಮನೆಯವರಿಗೆ ಕೇಡಾಗಲಿಲ್ಲ. ಅವರು ಮೂವರೂ ಒಂದೇ ಮನೆಗೆ ಹೋದರು.

ಎದುರು ಮನೆಯವರು ಹೋದದ್ದು ಒಂದು ಭಾನುವಾರ ಬೆಳಿಗ್ಗೆ, ಹಾಡಹಗಲಲ್ಲೇ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಸಾಮಾನು ಏರಿಸುತ್ತಿರುವಾಗ ಆಕೆ ರಸ್ತೆ ದಾಟಿ ನಮ್ಮ ಗೇಟಿಗೆ ಬಂದರು. ಕೈಯಲ್ಲಿ ನಮ್ಮ ಮನೆಯ ಸ್ಟೀಲ್ ಬಟ್ಟಲಿತ್ತು. ಅವರು ಬಂದ ಹೊಸದರಲ್ಲಿ ಅಮ್ಮಿ ಒಮ್ಮೆ ಅದರಲ್ಲಿ ಶೀರ್ ಖುರ್ಮಾ ಕಳಿಸಿದ್ದರು. ಇಡೀ ಬೀದಿಯಲ್ಲಿ ಅವರ ಬಾಗಿಲು ತಟ್ಟಿದವರು ಅಮ್ಮಿ ಒಬ್ಬರೇ. ‘ಮಗನಿಗೆ ತುಂಬಾ ಹಿಡಿಸ್ತು ಅಮ್ಮಾ, ಆವಾಗ ಹೇಳೋಕಾಗ್ಲಿಲ್ಲ’ ಎಂದರು. ಬಟ್ಟಲು ಖಾಲಿ ಕೊಡಬಾರದೆಂದು ಸುಲಿದ ಅವರೆಕಾಳು ತುಂಬಿದ್ದರು. ಅಮ್ಮಿ ಅವರ ಕೈಹಿಡಿದು, ಯಾರು ಪೊಲೀಸರವರೆಗೆ ಮಾತು ಮುಟ್ಟಿಸಿದರೋ ಅವರಿಗೆ ಅಲ್ಲಾಹನೇ ಬುದ್ಧಿ ಕೊಡಲಿ ಎಂದರು. ಆಕೆ ನಮ್ಮ ಕಡೆ ನೋಡಿದರೋ ಇಲ್ಲವೋ, ನಾವು ತಲೆ ಎತ್ತಿರಲಿಲ್ಲ.

ಆ ಬಟ್ಟಲು ಈಗಲೂ ಅಡುಗೆಮನೆಯಲ್ಲಿದೆ. ಅಂದು ಟೀ ಅಂಗಡಿಯಲ್ಲಿ ಮಾತಾಡಿದವರು ಯಾರೆಂದು ಅಮ್ಮಿಗೆ ಇಂದಿಗೂ ತಿಳಿದಿಲ್ಲ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಈ ಪತ್ರಿಕೆ ಮನೆಗೆ ಬಂದಾಗ ನಮ್ಮದೇನಾದರೂ ಅಚ್ಚಾಗಿದ್ದರೆ, ಕನ್ನಡಕ ಒರೆಸಿಕೊಂಡು ಎದುರಿಗೆ ಬಂದು ಕೂರುತ್ತಾರೆ. ನಾವು ಓದುತ್ತಾ ನಮ್ಮ ಮಾತಿನಲ್ಲಿ ಹೇಳಬೇಕು.